ಏಳನೇ ಬಾವಿಯ ಬಿಳಿ ಗೆರೆ

"ಮೇಡಂ, ಮೂಗು! ನಿಮ್ಮ ಮೂಗು ಚಿತ್ರಕ್ಕೆ ತಾಗುತ್ತೆ!"

ಗ್ಯಾಲರಿಯ ಒಡತಿ ಹಿಂದಿನಿಂದ ಕೂಗಿದಳು. ಸ್ಟೂಲಿನ ಮೇಲೆ ನಿಂತಿದ್ದ ಭೂತಗನ್ನಡಿ ತಿರುಗಿಯೂ ನೋಡಲಿಲ್ಲ. ಮೂಗಿಗೂ ಕ್ಯಾನ್ವಾಸಿಗೂ ನಡುವೆ ಇನ್ನೂ ನಾಲ್ಕು ಬೆರಳಿನಷ್ಟು ಜಾಗವಿತ್ತು.

"ತಾಗಿದ್ರೆ ಏನೀಗ? ನೀವೇ ಅಂತೀರಲ್ಲ, ಇದು ನಕಲಿ ಅಂತ."



ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕಣ್ಣು ಸವೆಸಿ ನಿವೃತ್ತಳಾದವಳು ಭೂತಗನ್ನಡಿ. ಆ ಹೆಸರು ಇಟ್ಟದ್ದು ಇಲಾಖೆಯವರು, ತಮಾಷೆಗೆ. ಈಗ ಅವಳ ಸ್ವಂತ ಅಕ್ಕನೂ ಹಾಗೇ ಕರೆಯುತ್ತಾಳೆ. ಬೆಳಗ್ಗೆ ಅಳುತ್ತಾ ಫೋನ್ ಮಾಡಿದ್ದು ಆ ಅಕ್ಕನೇ.

ನಿನ್ನೆ ಸಂಜೆ, ಗೋಡೆಯ ಈ ಹತ್ತು ಬಾವಿಗಳ ಚಿತ್ರ ಬರೆದ ಮೇಷ್ಟ್ರು, ಅಕ್ಕನ ಗಂಡ ಭಾವನ ಹೆಗಲ ಮೇಲೆ ಕೈಯಿಟ್ಟುಕೊಂಡು ಒಳಗೆ ಬಂದವರು, ಏಳನೇ ಬಾವಿಗೆ ಹತ್ತು ಅಡಿ ದೂರದಲ್ಲಿ ನಿಂತು, "ಇದು ನನ್ನದಲ್ಲ" ಎಂದಷ್ಟೇ ಹೇಳಿ ಹೊರಟುಹೋಗಿದ್ದರು. ಪ್ರದರ್ಶನ ಶುರುವಾಗುವುದು ಇವತ್ತು ಸಂಜೆ ಆರಕ್ಕೆ. ಅಸಲಿ ಚಿತ್ರ ಎಲ್ಲಿದೆಯೋ ದೇವರಿಗೇ ಗೊತ್ತು.

ಉಗ್ರಾಣದ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಂದು ಒಡತಿಯ ಕೈಚೀಲದಲ್ಲಿ, ಇನ್ನೊಂದು ಭಾವನ ಜೇಬಿನಲ್ಲಿ. ಮರದ ಪೆಟ್ಟಿಗೆ ಬಿಚ್ಚಿದ್ದು ಭಾವ, ಚಿತ್ರ ಹೊರತೆಗೆದದ್ದು ಭಾವ, ಗೋಡೆಗೆ ತೂಗುಹಾಕಿದ್ದೂ ಭಾವ. ಒಡತಿಯ ಲೆಕ್ಕ ಅಲ್ಲಿಗೆ ಮುಗಿದಿತ್ತು. ಆರು ಗಂಟೆಗೆ ಪೊಲೀಸರಿಗೆ ಬರಹೇಳಿದ್ದಳು.

ಈಗ ಗಂಟೆ ನಾಲ್ಕು ಹತ್ತು.

ಭಾವ ಮೂಲೆಯಲ್ಲಿ ತಮ್ಮ ಹತಾರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಮೂವತ್ತೊಂದು ವರ್ಷ ಇದೇ ಗ್ಯಾಲರಿಯಲ್ಲಿ ಚಿತ್ರ ತೂಗುಹಾಕಿದ ಮನುಷ್ಯ. ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಹತ್ತು ಚಿತ್ರಗಳ ನಡುಮಧ್ಯೆ ಒಂದು ದಾರ ಎಳೆದರೆ, ಆ ದಾರ ಕೂದಲೆಳೆಯಷ್ಟೂ ಮೇಲೆ ಕೆಳಗೆ ಆಗುವಂತಿರಲಿಲ್ಲ. ಈಗ ಆ ಎರಡು ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು.

ಹೆಣ್ಣು ನೋಡಲು ಬಂದ ದಿನ ಈ ಭಾವ, ಹನ್ನೊಂದು ವರ್ಷದ ನಾದಿನಿಯನ್ನು ನೋಡಿ, "ಈ ಹುಡುಗಿ ನನ್ನ ಹಲ್ಲು ಎಣಿಸ್ತಿದೆ, ಯಾರಾದ್ರೂ ಒಳಗೆ ಕರ್ಕೊಳ್ಳಿ" ಎಂದಿದ್ದರು. ಅವತ್ತಿನಿಂದ ಇಬ್ಬರಿಗೂ ಜಗಳ, ಕೀಟಲೆ, ಮತ್ತೆ ಜಗಳ. ಅಪ್ಪ ತೀರಿಕೊಂಡ ವರ್ಷ ಅವಳಿಗೆ ಇಲಾಖೆಯ ಪರೀಕ್ಷೆಯ ಅರ್ಜಿ ತುಂಬಿಸಿ, ಪರೀಕ್ಷೆಯ ದಿನ ಬಿಸಿಲಲ್ಲಿ ಮೂರು ಗಂಟೆ ಹೊರಗೆ ನಿಂತು ಕಾದದ್ದೂ ಇದೇ ಭಾವ. ಅಂಥವರನ್ನು ಬಂದ ಅತಿಥಿಗಳೆಲ್ಲರ ಎದುರು ಜೀಪು ಹತ್ತಿಸುತ್ತಾರೆ ಅಂದರೆ ಅವಳು ನೋಡಿಕೊಂಡು ಕೂರುವವಳಲ್ಲ.

"ಭಾವ, ಒಂದು ಮಾತು ಹೇಳಿ. ಸುಳ್ಳೋ ನಿಜವೋ, ಏನಾದ್ರೂ ಹೇಳಿ."

"ಪೆಟ್ಟಿಗೇಲಿ ಇದ್ದದ್ದನ್ನ ತೂಗುಹಾಕಿದೆ. ಅಷ್ಟೇ."

ಬೆಳಗ್ಗಿನಿಂದ ಇದೊಂದೇ ಮಾತು. ಭೂತಗನ್ನಡಿ ನಿಟ್ಟುಸಿರು ಬಿಟ್ಟು ಮತ್ತೆ ಬಾವಿಗೆ ಇಳಿದಳು.

ಆಳೆತ್ತರದ ಚಿತ್ರ. ಸುತ್ತಲೂ ಕಲ್ಲಿನ ಮೆಟ್ಟಿಲು, ಸುತ್ತಿ ಸುತ್ತಿ ಇಳಿದು ನಡುವೆ ಕಪ್ಪು ನೀರು. ಮೆಟ್ಟಿಲುಗಳನ್ನು ನಕಲು ಮಾಡಿದ ಕೈ ಸಾಮಾನ್ಯದ್ದಲ್ಲ. ಒಂದೊಂದು ಕಲ್ಲೂ ಪಕ್ಕದ ಚಿತ್ರದ ಕಲ್ಲಿನ ಒಡಹುಟ್ಟಿನಂತಿತ್ತು. ಆದರೆ ಕಪ್ಪು ನೀರಿನ ಬಲಮೇಲ್ಭಾಗದಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಇತ್ತು. ಬೆರಳಿನಷ್ಟು ಅಗಲ, ತುದಿಗಳು ಮಸುಕು.

ಅವಳು ಸ್ಟೂಲಿನಿಂದ ಇಳಿದು ಮಿಕ್ಕ ಒಂಬತ್ತು ಬಾವಿಗಳನ್ನೂ ಸುತ್ತಿ ಬಂದಳು. ಎಲ್ಲೂ ಗೆರೆಯಿಲ್ಲ.

"ಹತ್ತರಲ್ಲಿ ಒಂದಕ್ಕೆ ಮಾತ್ರ ಯಾಕೆ ಗೆರೆ?"

"ಅದು ಬೆಳಕು ಮೇಡಂ." ಒಡತಿಯ ಮೈದುನ ಮುಂದೆ ಬಂದ. ಗ್ಯಾಲರಿಯ ಮಾರಾಟವೆಲ್ಲ ಅವನದೇ. ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸುವುದು ಅಲ್ಲಿನ ಪದ್ಧತಿ. ಗಿರಾಕಿ ಇನ್ನೂ ತಲೆ ಕೆರೆಯುತ್ತಿರುವಾಗಲೇ ಇವನು ಚುಕ್ಕಿ ಅಂಟಿಸಿಬಿಡುತ್ತಿದ್ದ. ಹಾಗಾಗಿ ಅವನ ಹೆಸರೇ ಕೆಂಪು ಚುಕ್ಕಿ ಎಂದಾಗಿಹೋಗಿತ್ತು. "ಆಳವಾದ ಕತ್ತಲೆಯ ಮೇಲೆ ಭರವಸೆಯ ಒಂದು ಕಿರಣ. ಅದೇ ಇದರ ಜೀವಾಳ."

"ನಕಲಿಯ ಜೀವಾಳಾನಾ?"

ಕೆಂಪು ಚುಕ್ಕಿ ಕೆಮ್ಮಿದ. "ಅಸಲಿಯಲ್ಲೂ ಇತ್ತು ಮೇಡಂ. ಇದ್ದೇ ಇರುತ್ತೆ."

"ಇರುತ್ತಾ, ಇತ್ತಾ? ನೀವು ನೋಡಿದ್ದೀರಾ?"

"ನಾನು ನೋಡೋದು ಫೋಟೋ ಮೇಡಂ. ಮಾರಾಟ ಎಲ್ಲ ಫೋಟೋದ ಮೇಲೇ ನಡೆಯೋದು."

ಪ್ರದರ್ಶನದ ಪುಸ್ತಕ ಮೇಜಿನ ಮೇಲೇ ಇತ್ತು. ಭೂತಗನ್ನಡಿ ಹಾಳೆ ತಿರುವಿ ಏಳನೇ ಬಾವಿಗೆ ಬಂದಳು. ಕಲ್ಲು ಇದೆ, ಮೆಟ್ಟಿಲು ಇದೆ, ಕಪ್ಪು ನೀರು ಇದೆ. ಬಿಳಿ ಗೆರೆಯ ಸುಳಿವೂ ಇಲ್ಲ.

ಅವಳ ಕಿವಿ ನೆಟ್ಟಗಾಯಿತು.

ಪುಸ್ತಕದಲ್ಲಿ ಇಲ್ಲದ ಗೆರೆಯನ್ನು ನಕಲು ಮಾಡಿದವನು ತನ್ನ ಮನೆಯಿಂದ ತಂದನೇ? ಒಂದೊಂದು ಕಲ್ಲನ್ನೂ ಬಿಡದೆ ಬರೆದವನು, ಇಲ್ಲದ್ದನ್ನು ಯಾಕೆ ಸೇರಿಸುತ್ತಾನೆ? ಅವನಿಗೆ ಅದು ಕಂಡಿರಬೇಕು. ಎಲ್ಲಿ ಕಂಡಿತು?

ಯೋಚಿಸುತ್ತಲೇ ಅವಳು ಚೀಲದಿಂದ ತನ್ನ ಹಳೇ ಟಾರ್ಚು ತೆಗೆದಳು. ಹಾಳಾದದ್ದು, ಒಂದು ಸಲ ಒತ್ತಿದರೆ ಹತ್ತುವುದೇ ಇಲ್ಲ. ತೊಡೆಗೆ ಎರಡು ಸಲ ಬಡಿದ ಮೇಲೆ ಹತ್ತಿಕೊಂಡಿತು. ಕೈ ಆಡುವಾಗ ಬೆಳಕು ಪಕ್ಕದ ಆರನೇ ಬಾವಿಯ ಮೇಲೆ ಬಿತ್ತು.

ಆರನೇ ಬಾವಿಯ ಕಪ್ಪು ನೀರಿನಲ್ಲಿ ಓರೆಯಾದ ಒಂದು ಬಿಳಿ ಗೆರೆ ಮೂಡಿತು!

ಟಾರ್ಚನ್ನು ಎಡಕ್ಕೆ ಸರಿಸಿದಳು. ಗೆರೆ ಎಡಕ್ಕೆ ಓಡಿತು. ಬಲಕ್ಕೆ ಸರಿಸಿದಳು. ಗೆರೆ ಬಲಕ್ಕೆ ಬಂತು. ಟಾರ್ಚು ಆರಿಸಿದಳು. ಗೆರೆ ಮಾಯ.

"ಭಾವಾ! ಏಳಿ, ಏಳಿ! ಬನ್ನಿ ಇಲ್ಲಿ! ಈ ಕಪ್ಪು ಯಾಕೆ ಹೀಗೆ ಹೊಳೆಯುತ್ತೆ?"

ಭಾವ ಎದ್ದು ಬಂದರು. ಅವಸರವೇನೂ ಇರಲಿಲ್ಲ ಅವರಿಗೆ. "ಐದು ಸಲ ಮೆರುಗೆಣ್ಣೆ ಬಳಿದಿರ್ತಾರೆ. ಪ್ರತಿ ಸಲ ಒಣಗಿಸಿ, ಉಜ್ಜಿ, ಮತ್ತೆ ಬಳಿಯೋದು. ಕನ್ನಡಿ ಇದ್ದ ಹಾಗೆ."

"ಎಲ್ಲಾ ಹತ್ತಕ್ಕೂ?"

"ಎಲ್ಲಾ ಹತ್ತಕ್ಕೂ."

ಅವಳು ಹಾರಿದಂತೆ ಏಳನೆಯದರ ಎದುರು ನಿಂತು ಟಾರ್ಚು ಹಿಡಿದಳು. ಎಡಕ್ಕೆ ಆಡಿಸಿದಳು, ಬಲಕ್ಕೆ ಆಡಿಸಿದಳು, ಮೇಲೆ ಕೆಳಗೆ ಆಡಿಸಿದಳು. ಆ ಕಪ್ಪು ಸ್ಲೇಟಿನಂತೆ ಮಂಕಾಗಿ ಸುಮ್ಮನೆ ಇತ್ತು. ಹೊಳಪಿಲ್ಲ, ಪ್ರತಿಬಿಂಬವಿಲ್ಲ. ಬಿಳಿ ಗೆರೆ ಮಾತ್ರ ಇದ್ದಲ್ಲಿಂದ ಒಂದು ಎಳ್ಳಿನಷ್ಟೂ ಕದಲಲಿಲ್ಲ. ಅದು ಬಣ್ಣ.

"ಅಯ್ಯೋ ಪುಣ್ಯಾತ್ಮಾ!" ಭೂತಗನ್ನಡಿ ಗಟ್ಟಿಯಾಗಿ ನಕ್ಕುಬಿಟ್ಟಳು. ಐವತ್ತೆಂಟರ ಹೆಂಗಸು ಖಾಲಿ ಗ್ಯಾಲರಿಯ ನಡುವೆ ನಿಂತು ಹಾಗೆ ನಕ್ಕದ್ದು ಕಂಡು ಕೆಂಪು ಚುಕ್ಕಿ ಎರಡು ಹೆಜ್ಜೆ ಹಿಂದೆ ಸರಿದ. "ದೀಪದ ಪ್ರತಿಬಿಂಬಾನ ಚಿತ್ರ ಅಂದ್ಕೊಂಡು ಬಿಳಿ ಬಣ್ಣದಲ್ಲಿ ಬರೆದುಬಿಟ್ಟಿದ್ದಾನೆ! ಮೇಡಂ, ಇದನ್ನ ಬರೆಯುವಾಗ ಅಸಲಿ ಅವನ ಎದುರಿಗೆ ಇರ್ಲೇ ಇಲ್ಲ. ಎದುರಿಗೆ ಇದ್ದಿದ್ರೆ, ತಲೆ ಅಲ್ಲಾಡಿಸಿದ ಕೂಡ್ಲೇ ಗೆರೆ ಓಡಾಡೋದು ಕಾಣ್ತಿತ್ತು. ಫೋಟೋ ನೋಡಿ ಬರೆದಿದ್ದಾನೆ. ಅದೂ ಪುಸ್ತಕದ ಫೋಟೋ ಅಲ್ಲ, ಬೇರೆ ಯಾವುದೋ. ಯಾರು ತೆಗೆದದ್ದು ಫೋಟೋ?"

ಫೋಟೋದವನನ್ನು ಹುಡುಕುತ್ತಾ ಹೋಗಬೇಕಾಗಲಿಲ್ಲ. ಸಂಜೆಯ ಸಮಾರಂಭ ತೆಗೆಯಲು ಅವನು ಆಗಲೇ ಬಂದು, ಹಿಂದಿನ ಕೋಣೆಯಲ್ಲಿ ತನ್ನ ಚೀಲಗಳನ್ನು ಬಿಚ್ಚುತ್ತಿದ್ದ. ಬಿಳಿ ಗೆರೆಯ ಮಾತು ಕೇಳಿದ್ದೇ ಅವನ ಮುಖ ಸಣ್ಣದಾಯಿತು.

"ಅದು... ಮೇಡಂ, ನನ್ನ ತಪ್ಪು. ಅವತ್ತು ಮೊದಲ ದಿನ ತೆಗೆದಾಗ ನನ್ನ ಲೈಟು ಏಳನೆಯದರ ಮೇಲೆ ಬಿದ್ದುಬಿಟ್ಟಿತ್ತು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಗೊತ್ತೇ ಆಗ್ಲಿಲ್ಲ. ಅವಸರ ಇತ್ತು, ಸಂಜೆಗೇ ಹತ್ತೂ ಕಳಿಸಿಬಿಟ್ಟೆ. ಮನೆಗೆ ಹೋಗಿ ದೊಡ್ಡದು ಮಾಡಿ ನೋಡ್ತೀನಿ, ಅಡ್ಡಡ್ಡ ಬಿಳಿ ಪಟ್ಟಿ! ಮಾರನೇ ದಿನ ಕಪ್ಪು ಬಟ್ಟೆ ಅಡ್ಡ ಹಿಡಿದು ಮತ್ತೆ ತೆಗೆದೆ. ಪುಸ್ತಕದಲ್ಲಿರೋದು ಆ ಎರಡನೇದು. ಮೊದಲನೇದನ್ನ ಅಳಿಸಿಬಿಡಿ ಅಂತ ಎಲ್ಲರಿಗೂ ಕೈ ಮುಗಿದು ಕೇಳ್ಕೊಂಡಿದ್ದೆ."

"ಎಲ್ಲರಿಗೂ ಅಂದ್ರೆ ಎಷ್ಟು ಜನಕ್ಕೆ?"

"ಮೂರೇ ಜನಕ್ಕೆ. ಒಡತಿ ಮೇಡಂಗೆ, ಕೆಂಪು ಚುಕ್ಕಿ ಸಾರ್‌ಗೆ. ಒಪ್ಪಿಗೆಗೆ ಅಂತ ಮೇಷ್ಟ್ರಿಗೊಂದು."

"ಭಾವಂಗೆ?"

ಫೋಟೋದವನಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಅವರ ಫೋನಿಗಾ? ಅದು ಗುಂಡಿ ಒತ್ತೋ ಫೋನು ಮೇಡಂ. ಅದಕ್ಕೆ ಫೋಟೋ ಕಳಿಸೋದು ಅಂದ್ರೆ ಅಂಚೆ ಡಬ್ಬಿಗೆ ಟಿವಿ ತುರುಕಿದ ಹಾಗೆ."

ಭೂತಗನ್ನಡಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಇಷ್ಟು ವರ್ಷ ಆ ಫೋನಿನ ಬಗ್ಗೆ ಭಾವನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದಳೋ. ಇವತ್ತು ಅದಕ್ಕೆ ಆರತಿ ಎತ್ತಬೇಕು!

ಗಂಟೆ ಐದಾಗುತ್ತಾ ಬಂದಿತ್ತು. ಅವಳು ಎಲ್ಲರನ್ನೂ ಏಳನೇ ಬಾವಿಯ ಎದುರು ಕರೆದಳು.

"ಮೇಡಂ, ಪೊಲೀಸರಿಗೆ ಫೋನ್ ಮಾಡಿ ಬರಬೇಡಿ ಅನ್ನಿ."

ಒಡತಿ ಅಷ್ಟು ಸುಲಭಕ್ಕೆ ಮಣಿಯುವ ಹೆಂಗಸಲ್ಲ. "ಯಾಕೆ? ಬರೆದವನು ಬೇರೆ ಇರಬಹುದು. ನಿಮ್ಮ ಭಾವ ಬರೆಸಿರಬಹುದಲ್ಲ?"

"ಬರೆಸಬಹುದು. ಆದ್ರೆ ನೀವೇ ಯೋಚನೆ ಮಾಡಿ. ಹದಿನೈದು ದಿನ ಅಸಲಿ ಚಿತ್ರ ಉಗ್ರಾಣದಲ್ಲಿತ್ತು, ಬೀಗದ ಕೈ ಇವರ ಜೇಬಿನಲ್ಲಿತ್ತು. ನಕಲು ಮಾಡಿಸೋ ಆಸೆ ಇದ್ದಿದ್ರೆ ಅಸಲಿಯನ್ನೇ ಎದುರಿಗೆ ಇಟ್ಟು ಬರೆಸ್ತಿದ್ರು. ಕೆಟ್ಟುಹೋದ ಫೋಟೋ ಹುಡುಕ್ಕೊಂಡು ಯಾಕೆ ಹೋಗ್ತಾರೆ? ಅದೂ ತಮಗೆ ಬಾರದೇ ಇದ್ದ ಫೋಟೋ?"

ಒಡತಿ ತುಟಿ ಕಚ್ಚಿದಳು. "ಬೀಗದ ಕೈ? ಅದು ಇಬ್ಬರ ಹತ್ತಿರ ಮಾತ್ರ ಇದ್ದದ್ದು. ನಾನಂತೂ ಬದಲಾಯಿಸಿಲ್ಲ."

"ನಿಮ್ಮ ಕೈಚೀಲ ಇಡೀ ದಿನ ಎಲ್ಲಿರುತ್ತೆ?"

"ಮೇಜಿನ ಮೇಲೆ."

ಭೂತಗನ್ನಡಿ ನಿಧಾನವಾಗಿ ಕೆಂಪು ಚುಕ್ಕಿಯ ಕಡೆ ತಿರುಗಿದಳು. ಅವನ ಹಣೆಯ ಮೇಲೆ ಬೆವರಿನ ಸಾಲು ಕಂಡೇ ಹತ್ತು ನಿಮಿಷವಾಗಿತ್ತು. ಅವಸರ ಮಾಡಿರಲಿಲ್ಲ, ಅಷ್ಟೇ.

"ನಿಮ್ಮ ಫೋನು ಕೊಡಿ."

"ಯಾಕೆ ಮೇಡಂ?"

"ಆ ಫೋಟೋ ಅಳಿಸಿದ್ದೀರೋ ಇಲ್ಲವೋ ನೋಡೋಣ."

"ಅಳಿಸಿದೆ. ಅಂದ್ರೆ... ಅಳಿಸಬೇಕು ಅಂದ್ಕೊಂಡೆ. ಮರೆತಿರಬಹುದು."

"ಭರವಸೆಯ ಕಿರಣ ಅಸಲಿಯಲ್ಲೂ ಇತ್ತು ಅಂದ್ರಲ್ಲ ಆಗ. ಪುಸ್ತಕದಲ್ಲಿ ಇಲ್ಲದ ಕಿರಣ ನಿಮಗೆ ಎಲ್ಲಿ ಕಾಣ್ತು? ನಿಮ್ಮ ಫೋನಿನಲ್ಲಿ."

ಕೆಂಪು ಚುಕ್ಕಿಯ ಮುಖ ಅವನ ಚುಕ್ಕಿಯಷ್ಟೇ ಕೆಂಪಾಯಿತು. ಒಡತಿ ಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅತ್ತಿಗೆ, ಹಾಗೆ ನೋಡಬೇಡಿ! ಫೋಟೋ ಇಟ್ಕೊಂಡಿದ್ರೆ ಕಳ್ಳ ಆಗ್ಬಿಡ್ತೀನಾ?"

"ಆಗಲ್ಲ," ಅಂದಳು ಭೂತಗನ್ನಡಿ. "ಅತ್ತಿಗೆಯ ಕೈಚೀಲದಿಂದ ಬೀಗದ ಕೈ ಎಷ್ಟು ಸಲ ತೆಗೆದಿದ್ದೀರಿ?"

"ಒಂದೇ ಸಲ!"

ಹೇಳಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮಾತು ಎಲ್ಲರ ಕಿವಿಗೂ ಬಿದ್ದಾಗಿತ್ತು. ಮೂಲೆಯಲ್ಲಿ ಫೋಟೋದವನು ಕೂಡ "ಅಯ್ಯೋ" ಅಂದ.

"ಹೋದ ಸೋಮವಾರ," ಕೆಂಪು ಚುಕ್ಕಿ ತೊದಲಿದ. "ಗಿರಾಕಿ ತನ್ನ ಗೋಡೆಗೆ ಹಿಡಿಯುತ್ತಾ ಅಂತ ಅಳತೆ ಕೇಳಿದ. ಪೆಟ್ಟಿಗೆ ಅಳೆಯೋಕೆ ಹೋದೆ. ಅಳೆದೆ, ಬಂದೆ. ಬರುವಾಗ ಬೀಗ... ಬೀಗ ಹಾಕಿದ್ನೋ ಇಲ್ವೋ ಅಂತ ಈಗ ಅನುಮಾನ ಬರ್ತಿದೆ."

"ನನ್ನನ್ನ ಒಂದು ಮಾತು ಕೇಳ್ದೇನೇ?"

"ಕೇಳಿದ್ರೆ ನೀವು ಬೈತಿದ್ರಿ ಅತ್ತಿಗೆ."

"ಈಗೇನು ಮುದ್ದು ಮಾಡ್ತೀನಾ?"

ಭಾವನ ಕಡೆ ನೋಡಲು ಒಡತಿಗೆ ಮುಖವಿರಲಿಲ್ಲ. "ಸ್ಟೇಷನ್ನಿಗೆ ಫೋನ್ ಮಾಡಿ, ನಾನೇ ಹೇಳೋವರೆಗೆ ಬರಬೇಡಿ ಅಂತೀನಿ," ಅಂದು ತನ್ನ ಕೋಣೆಗೆ ನಡೆದಳು. ಕೆಂಪು ಚುಕ್ಕಿ "ಅತ್ತಿಗೆ, ಒಂದು ನಿಮಿಷ, ಅತ್ತಿಗೆ" ಎನ್ನುತ್ತಾ ಬೆನ್ನಿಗೆ ಬಿದ್ದ. ಫೋಟೋದವನು ಇದೇ ಸಮಯವೆಂದು ಹಿಂದಿನ ಕೋಣೆಗೆ ಜಾರಿಕೊಂಡ.

ಗೆದ್ದಿದ್ದಳು! ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಕೇಸು ಗೆದ್ದಿದ್ದಳು, ಒಂದರಲ್ಲೂ ಎದೆ ಹೀಗೆ ಕುಣಿದಿರಲಿಲ್ಲ. ಅಕ್ಕನಿಗೆ ಈಗಲೇ ಫೋನ್ ಮಾಡಬೇಕು. ಭಾವನಿಗೆ ಏನಾದರೂ ಕೀಟಲೆಯ ಮಾತು ಹೇಳಬೇಕು. ಅವಳು ಖುಷಿಯಲ್ಲಿ ತಲೆ ಮೇಲೆತ್ತಿ ಉಸಿರು ಎಳೆದುಕೊಂಡಳು.

ಕಣ್ಣು ಚಾವಣಿಯ ಮೇಲೇ ನಿಂತಿತು.

ಚಾವಣಿಯ ಉದ್ದಕ್ಕೂ ಒಂದು ಕಂಬಿ, ಕಂಬಿಗೆ ಹತ್ತು ದೀಪ, ಒಂದೊಂದು ಚಿತ್ರಕ್ಕೆ ಒಂದೊಂದು. ಒಂಬತ್ತು ದೀಪಗಳು ಕತ್ತು ಪಕ್ಕಕ್ಕೆ ಹೊರಳಿಸಿ, ಓರೆಯಿಂದ ಬೆಳಕು ಚೆಲ್ಲುತ್ತಿದ್ದವು. ಹಾಗೆ ಹೊರಳಿಸದಿದ್ದರೆ ಆ ಕನ್ನಡಿಯಂಥ ಕಪ್ಪಿನಲ್ಲಿ ಅಡ್ಡಡ್ಡ ಬಿಳಿ ಪಟ್ಟಿ ಬೀಳುತ್ತದೆ. ಅದನ್ನು ಈಗಷ್ಟೇ ಅವಳೇ ಎಲ್ಲರಿಗೂ ಟಾರ್ಚು ಹಿಡಿದು ತೋರಿಸಿದ್ದಳು.

ಏಳನೆಯದರ ದೀಪ ಮಾತ್ರ ನೆಟ್ಟಗೆ ಚಿತ್ರದ ಮುಖಕ್ಕೇ ಬಿಟ್ಟಿತ್ತು.

ಮಂಕು ಕಪ್ಪಿಗೆ ದೀಪ ಹೊರಳಿಸುವ ಅಗತ್ಯವಿಲ್ಲ. ಹಾಗಾದರೆ ಏಣಿ ಹತ್ತಿ ಆ ದೀಪ ಕೂರಿಸಿದವರಿಗೆ, ಅದನ್ನು ಕೂರಿಸುವ ಹೊತ್ತಿಗೇ, ಈ ಕಪ್ಪು ಹೊಳೆಯುವುದಿಲ್ಲ ಅಂತ ಗೊತ್ತಿತ್ತು. ಮೇಷ್ಟ್ರು ಬಂದು "ನನ್ನದಲ್ಲ" ಅನ್ನುವ ಮುಂಚೆಯೇ ಗೊತ್ತಿತ್ತು.

ಈ ಗ್ಯಾಲರಿಯಲ್ಲಿ ದೀಪ ಮುಟ್ಟುವ ಕೈ ಒಂದೇ.

ಅವಳ ಮಾತು ಬಲು ಮೆಲ್ಲಗೆ ಬಂತು. "ಭಾವ. ಈ ದೀಪ ಯಾಕೆ ನೆಟ್ಟಗಿದೆ?"

ಭಾವ ತಲೆ ಎತ್ತಲಿಲ್ಲ. ಎತ್ತಿ ನೋಡುವ ಅಗತ್ಯ ಅವರಿಗಿರಲಿಲ್ಲ.

"ನೀನು ಅದನ್ನ ನೋಡಬಾರದು ಅಂತ ಬೆಳಗ್ಗಿನಿಂದ ಬೇಡ್ಕೊಳ್ತಿದ್ದೆ," ಅಂದರು.

"ಯಾವಾಗ ಗೊತ್ತಾಯ್ತು ನಿಮಗೆ?"

"ಪೆಟ್ಟಿಗೆಯಿಂದ ಎತ್ತಿದಾಗ. ಹಗುರ ಇತ್ತು. ಐದು ಸಲ ಬಳಿದ ಮೆರುಗೆಣ್ಣೆಯ ಭಾರ ಕೈಗೆ ಗೊತ್ತಾಗುತ್ತೆ." ಅವರೇ ಮುಂದುವರಿಸಿದರು. "ಸುಳ್ಳು ಯಾಕೆ ಹೇಳ್ಲಿ. ಎತ್ತೋ ಮುಂಚೇನೂ ಗೊತ್ತಿತ್ತು."

"ಗೊತ್ತಿದ್ದೂ ತೂಗುಹಾಕಿದ್ರಾ?" ಅವಳಿಗೆ ಕಣ್ಣು ಮಂಜಾಯಿತು. ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ. "ನಾನು ಇಲ್ಲಿ ಹುಚ್ಚಿ ಥರ ಕುಣೀತಿದ್ದೀನಿ ನಿಮಗೋಸ್ಕರ! ಅಕ್ಕ ಬೆಳಗ್ಗಿನಿಂದ ನೀರೂ ಕುಡಿದಿಲ್ಲ! ಯಾಕೆ ಭಾವ?"

"ಬರೆದವರು ಕೇಳ್ಕೊಂಡ್ರು."

"ಯಾರು ಅವರು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ನೀನಾಗೇ ಕಂಡುಹಿಡಿದ್ರೆ ನಾನು ತಡೆಯೋಕಾಗಲ್ಲ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಗಾಜಿನ ಬಾಗಿಲಿನಾಚೆ ಅಕ್ಕನ ಧ್ವನಿ. "ನಿಧಾನ, ನಿಧಾನ. ಇಲ್ಲೊಂದು ಮೆಟ್ಟಿಲಿದೆ. ಹಾಂ, ಈಗ ಇನ್ನೊಂದು."

ಬಾಗಿಲು ತೆರೆಯಿತು. ಅಕ್ಕನ ಕೈ ಹಿಡಿದು, ಪಾದದಿಂದ ಹೊಸ್ತಿಲನ್ನು ತಡಕಿ ದಾಟಿ ಒಳಗೆ ಬಂದವರು ಮೇಷ್ಟ್ರು. ಐದು ವರ್ಷದ ಹಿಂದೆ ಅಕ್ಕನ ಮನೆಯಲ್ಲಿ ಭೂತಗನ್ನಡಿ ನೋಡಿದ್ದಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ ಮನುಷ್ಯ. ಈಗ ಅವರು ಕೋಣೆಯ ನಡುವೆ ನಿಂತು, ಯಾರೂ ಇಲ್ಲದ ಬಿಳಿ ಕಂಬದ ಕಡೆ ತಿರುಗಿ, ನಗುತ್ತಾ ಎರಡೂ ಕೈ ಜೋಡಿಸಿದರು.

"ಎಲ್ಲರಿಗೂ ನಮಸ್ಕಾರ. ಬೇಗ ಬಂದುಬಿಟ್ವೇನೋ?"

"ಮೂಗಿಗೆ ಹಿಡಿದ್ರೆ ಓದ್ತಾರೆ, ಒಂದು ಮಾರು ದೂರ ಆದ್ರೆ ಏನೂ ಕಾಣಲ್ಲ ಪಾಪ," ಅಕ್ಕ ತಂಗಿಯ ಕಿವಿಯಲ್ಲಿ ಉಸುರಿದಳು. "ಯಾರಿಗೂ ಹೇಳಬೇಡ ಅಂದಿದ್ದಾರೆ. ನಮ್ಮ ಯಜಮಾನರ ಸುದ್ದಿ ಏನಾಯ್ತೇ?"

ಭೂತಗನ್ನಡಿಗೆ ಅದು ಕೇಳಿಸಲೇ ಇಲ್ಲ. ಮೂರು ಫೋನಿಗೆ ಹೋಗಿತ್ತು ಆ ಫೋಟೋ. ಮೂರನೆಯದನ್ನು ಅವಳು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಫೋಟೋವನ್ನು ಮೂಗಿಗೆ ಹಿಡಿದು, ಒಂದೊಂದೇ ಕಲ್ಲು ನೋಡಿ ನೋಡಿ ಬರೆದವರಿಗೆ, ದೀಪದ ಗೆರೆ ಯಾವುದು, ತಮ್ಮ ಗೆರೆ ಯಾವುದು ಹೇಗೆ ತಿಳಿಯಬೇಕು? ಅಂಥ ಕಣ್ಣು ನಿನ್ನೆ ಹತ್ತು ಅಡಿ ದೂರದಿಂದ ನಕಲನ್ನು ಗುರುತಿಸಿತ್ತು!

ಮೇಷ್ಟ್ರು ತಾವೇ ನಕಲು ಬರೆದು, ಭಾವನ ಕೈಯಿಂದ ತಾವೇ ತೂಗುಹಾಕಿಸಿ, ಮರುದಿನ ತಾವೇ ಬಂದು "ನನ್ನದಲ್ಲ" ಅಂದದ್ದು ಯಾಕೆ? ಭಾವನ ಕುತ್ತಿಗೆಗೆ ಬರುತ್ತದೆ ಅಂತ ಗೊತ್ತಿದ್ದೂ ಅಂದರೇ? ಅಸಲಿ ಬಾವಿ ಈಗ ಎಲ್ಲಿದೆ?

ಒಡತಿ ಕೋಣೆಯಿಂದ ಹೊರಬಂದಳು. ಕಿವಿಗೆ ಫೋನ್ ಹಿಡಿದೇ ಇದ್ದಳು.

"ಮೇಡಂ, ಇನ್ಸ್‌ಪೆಕ್ಟರ್ ಲೈನಿನಲ್ಲಿದ್ದಾರೆ. ನಿಮ್ಮ ಭಾವ ಅಲ್ಲ ಅಂತ ಹೇಳಿದೆ. ಹಾಗಾದ್ರೆ ಯಾರು ಅಂತ ಕೇಳ್ತಿದ್ದಾರೆ. ನೀವೇ ಹೇಳಿಬಿಡಿ."

ಫೋನು ಭೂತಗನ್ನಡಿಯ ಕೈಗೆ ಬಂತು. ಭಾವ ಅವಳನ್ನೇ ನೋಡುತ್ತಿದ್ದರು. ಅಕ್ಕನೂ ನೋಡುತ್ತಿದ್ದಳು. ಕಂಬದ ಕಡೆ ತಿರುಗಿದ್ದ ಮೇಷ್ಟ್ರ ಮುಖದ ನಗು ಆರಿತು. ಸದ್ದು ಬಂದ ದಿಕ್ಕಿಗೆ ಅವರು ಮೆಲ್ಲಗೆ ತಲೆ ಹೊರಳಿಸಿದರು.

"ಹಲೋ?" ಅಂದಿತು ಫೋನು. "ಹೆಸರು ಹೇಳಿ, ಬರ್ಕೊಳ್ತೀನಿ."